ಬರ್ನ್‌ಔಟ್ ತಡೆಯುವುದು ಹೇಗೆ: ರಜೆ ಹಾಕುವ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಕೆಲಸದಲ್ಲಿ ಸೋತು ಸುಣ್ಣವಾದವರು ಹಿಡಿಯುವ ದಾರಿ ಸಾಮಾನ್ಯವಾಗಿ ಒಂದೇ. ಮೊದಲು ಒಂದು ವಾರ ರಜೆ. ಬಂದ ಮೇಲೆ ಧ್ಯಾನದ ಆ್ಯಪ್, ಬೆಳಗಿನ ವಾಕಿಂಗ್, ಇನ್ನು ಮೇಲೆ ಆರು ಗಂಟೆಗೆ ಸರಿಯಾಗಿ ಹೊರಟುಬಿಡುವ ನಿರ್ಧಾರ. ಮೂರನೇ ವಾರದ ಹೊತ್ತಿಗೆ ಎಲ್ಲ ಮೊದಲಿನಂತೆಯೇ ಆಗಿರುತ್ತದೆ. ಆಮೇಲೆ "ನನ್ನಲ್ಲೇ ಏನೋ ಕೊರತೆ" ಎಂದು ಕೊರಗು.

ಇಲ್ಲಿ ತಪ್ಪಿದ್ದು ಕ್ರಮ. ಹೊರೆ ಹಾಗೇ ಇಟ್ಟುಕೊಂಡು ಬೆನ್ನಿಗೆ ಎಣ್ಣೆ ತಿಕ್ಕಿದರೆ ನೋವು ಎರಡು ದಿನ ಕಡಿಮೆಯಾದೀತು, ಅಷ್ಟೆ. ಮೊದಲು ತೂಗಬೇಕು, ಆಮೇಲೆ ಇಳಿಸಬೇಕು, ಆಮೇಲೆ ಸುಧಾರಿಸಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

## ಕೈಯಲ್ಲಿ ಇರಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್, ಪೆನ್ನು. ಫೋನಿನಲ್ಲೂ ಬರೆಯಬಹುದು, ಆದರೆ ಬರೆಯಲೆಂದು ಫೋನ್ ತೆಗೆದವರು ಕೆಲಸದ ಮೆಸೇಜ್ ನೋಡಿ ಅಲ್ಲೇ ಉಳಿದುಬಿಡುತ್ತಾರೆ. ಹಾಗಾಗಿ ಕಾಗದವೇ ಒಳ್ಳೆಯದು.

ಕಳೆದ ನಾಲ್ಕು ವಾರದ ಕ್ಯಾಲೆಂಡರ್ ಅಥವಾ ಡ್ಯೂಟಿ ಪಟ್ಟಿ. ನಿಮ್ಮ ನೇಮಕಾತಿ ಪತ್ರ ಮತ್ತು ರಜೆ ನಿಯಮಗಳು. ಎಷ್ಟು ಗಂಟೆ ದುಡಿಯಲು ಒಪ್ಪಿಕೊಂಡಿದ್ದೀರಿ, ಯಾವ ಕೆಲಸಕ್ಕೆ ಸೇರಿದ್ದೀರಿ ಎಂಬುದು ಅದರಲ್ಲಿದೆ. ಸೇರಿದ ದಿನದ ನಂತರ ಅದನ್ನು ತೆರೆದು ನೋಡಿದವರು ಕಡಿಮೆ.

ಮತ್ತೆ ಆರರಿಂದ ಎಂಟು ವಾರ ಸಮಯ. ಇದಕ್ಕಿಂತ ಬೇಗ ಫಲ ಕಾಣಬೇಕೆಂದು ಹೊರಟರೆ ಅರ್ಧಕ್ಕೇ ಕೈಬಿಡುತ್ತೀರಿ.

## ಹಂತ 1: ದಣಿವೋ, ಬರ್ನ್‌ಔಟೋ, ಕಾಯಿಲೆಯೋ ನೋಡಿಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಜಾಗದ ನಿರಂತರ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಉಂಟಾಗುವ ಸ್ಥಿತಿ ಎಂದಿದ್ದಾರೆ. ಅದಕ್ಕೆ ಮೂರು ಲಕ್ಷಣ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿ ತುಂಬುವುದು, ಮಾಡುವ ಕೆಲಸ ಫಲ ಕೊಡುತ್ತಿಲ್ಲ ಅನ್ನಿಸುವುದು.

ಮೂರರಲ್ಲಿ ಮೊದಲನೆಯದು ಮಾತ್ರ ಇದ್ದರೆ ಅದು ಬಹುಶಃ ದಣಿವು. ಎರಡು ರಾತ್ರಿ ಚೆನ್ನಾಗಿ ಮಲಗಿ, ಒಂದು ದಿನ ಬಿಡುವಾಗಿ ಇದ್ದು ನೋಡಿ. ಮತ್ತೆ ಕೆಲಸಕ್ಕೆ ಕೂರುವ ಮನಸ್ಸು ಬಂದರೆ ಸಾಮಾನ್ಯ ಸುಸ್ತು. ಮಲಗಿ ಎದ್ದರೂ, ರಜೆ ಮುಗಿಸಿ ಬಂದರೂ ಕೆಲಸದ ಬಾಗಿಲು ಕಂಡ ಕೂಡಲೇ ಎದೆ ಭಾರವಾದರೆ ಮುಂದಿನ ಹಂತಗಳು ನಿಮಗೆ ಬೇಕು.

ಎರಡನೆಯ ಲಕ್ಷಣ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಮಾತಿನಲ್ಲಿ ಅಡಗಿರುತ್ತದೆ. ಹೆಸರು ಹಿಡಿದು ಮಾತನಾಡಿಸುತ್ತಿದ್ದ ರೋಗಿ ಒಂದು ದಿನ ನರ್ಸ್ ಬಾಯಲ್ಲಿ "ಹನ್ನೆರಡನೇ ಬೆಡ್" ಆಗುತ್ತಾರೆ. ಮಕ್ಕಳೆಂದರೆ ಜೀವ ಬಿಡುತ್ತಿದ್ದ ಶಿಕ್ಷಕರಿಗೆ ಅದೇ ಮಕ್ಕಳು "ಆ ಗುಂಪು" ಆಗುತ್ತಾರೆ. ಗ್ರಾಹಕರ ಫೋನ್ ಬಂದಾಗ ಎತ್ತುವ ಮೊದಲೇ ಸಿಟ್ಟು ಬರುತ್ತದೆ. ನಿಮ್ಮ ಮಾತಿನಲ್ಲಿ ಈ ಬದಲಾವಣೆ ಬಂದಿದೆಯೇ ಎಂದು ಹತ್ತಿರದವರನ್ನು ಕೇಳಿ. ಅವರಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ.

ಇದರ ಜೊತೆಗೆ ವೈದ್ಯರನ್ನು ಒಮ್ಮೆ ಕಾಣುವುದನ್ನು ಬಿಡಬೇಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಸಕ್ಕರೆ ಕಾಯಿಲೆ ಎಲ್ಲವೂ ಇಂಥದ್ದೇ ಸುಸ್ತು ತರುತ್ತವೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಜೋರಾಗಿ ಗೊರಕೆ ಹೊಡೆದು, ಎಂಟು ಗಂಟೆ ಮಲಗಿಯೂ ಹಗಲು ತೂಕಡಿಸುವವರು ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಬಗ್ಗೆ ಕೇಳಬೇಕು. ಇವುಗಳಲ್ಲಿ ಒಂದಿದ್ದರೆ ಕೆಲಸ ಎಷ್ಟು ಕಡಿಮೆ ಮಾಡಿಕೊಂಡರೂ ಸುಸ್ತು ಹೋಗದು.

ಇಲ್ಲಿಗೇ ನಿಲ್ಲಿಸಿ: ಕೆಲಸದ ಆಚೆಗೂ ಯಾವುದರಲ್ಲೂ ಖುಷಿ ಉಳಿದಿಲ್ಲ, ಎರಡು ವಾರ ದಾಟಿದರೂ ಊಟ ನಿದ್ದೆ ಹದ ತಪ್ಪಿದೆ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂದಾದರೆ ಇದು ಖಿನ್ನತೆ ಇರಬಹುದು. ಈ ಮಾರ್ಗದರ್ಶಿ ಅದಕ್ಕೆ ಸಾಲದು. ಮನೋವೈದ್ಯರನ್ನು ಬೇಗ ಕಾಣಿ. ಸಾಯುವ ಯೋಚನೆ ಬಂದಿದ್ದರೆ ಇವತ್ತೇ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ "ಟೆನ್ಷನ್ ಇರಬೇಕು" ಎಂದು ಕೂರದೆ ಆಸ್ಪತ್ರೆಗೆ ಹೋಗಿ.

## ಹಂತ 2: ಎರಡು ವಾರ ಲೆಕ್ಕ ಬರೆಯಿರಿ

ಈ ಹಂತವನ್ನು ಹಾರಿಸುವವರೇ ಹೆಚ್ಚು. "ನನಗೆ ಕೆಲಸ ಜಾಸ್ತಿ ಎಂದು ಗೊತ್ತೇ ಇದೆಯಲ್ಲ, ಬರೆಯುವುದೇಕೆ" ಎನ್ನುತ್ತಾರೆ. ಜಾಸ್ತಿ ಎಂದರೆ ಯಾರೂ ಏನೂ ಮಾಡಲಾರರು. ವಾರಕ್ಕೆ ಹತ್ತು ಗಂಟೆ ಜಾಸ್ತಿ, ಅದರಲ್ಲಿ ಏಳು ಗಂಟೆ ಪಕ್ಕದ ವಿಭಾಗದ ಕೆಲಸ ಎಂದರೆ ಅದಕ್ಕೊಂದು ದಾರಿ ಹುಡುಕಬಹುದು.

ದಿನಕ್ಕೆ ಆರು ಸಾಲು ಸಾಕು:

1. ಕೆಲಸ ಶುರು ಮಾಡುವಾಗಿನ ಶಕ್ತಿ, ಹತ್ತಕ್ಕೆ ಎಷ್ಟು.
2. ಮುಗಿಸುವಾಗಿನ ಶಕ್ತಿ, ಹತ್ತಕ್ಕೆ ಎಷ್ಟು.
3. ಒಟ್ಟು ಗಂಟೆ. ಮನೆಯಲ್ಲಿ ನೋಡಿದ ಮೇಲ್, ಎತ್ತಿದ ಫೋನ್ ಸೇರಿಸಿ.
4. ಇವತ್ತು ಮಾಡಬೇಕೆಂದುಕೊಂಡದ್ದು, ನಿಜಕ್ಕೂ ಆದದ್ದು.
5. ನಡುವೆ ನುಗ್ಗಿದ್ದು ಏನು, ಎಷ್ಟು ಹೊತ್ತು ತಿಂದಿತು.
6. ಹೆಚ್ಚು ಕುಗ್ಗಿಸಿದ ಒಂದು ಘಟನೆ, ಒಂದೇ ವಾಕ್ಯದಲ್ಲಿ.

ಬರೆದದ್ದು ಹೀಗಿರಲಿ: "ಮಂಗಳವಾರ. ಶುರುವಿನಲ್ಲಿ 5, ಮುಗಿಸುವಾಗ 2. 10 ಗಂಟೆ. ಅಂದುಕೊಂಡದ್ದು ತ್ರೈಮಾಸಿಕ ವರದಿ, ಆದದ್ದು ಅದರ ಎರಡು ಪುಟ. ನುಗ್ಗಿದ್ದು ಪಕ್ಕದ ವಿಭಾಗದ ಲೆಕ್ಕ ಸರಿಪಡಿಸುವುದು, 2 ಗಂಟೆ. ಕುಗ್ಗಿಸಿದ್ದು: ಸಿದ್ಧವಾಗಿದ್ದ ಪಟ್ಟಿಯನ್ನು ಮೂರನೇ ಸಲ ಬದಲಿಸಲು ಹೇಳಿದರು, ಕಾರಣ ಹೇಳಲಿಲ್ಲ."

ಇದಕ್ಕೆ ಮೂರು ನಿಮಿಷ ಬೇಕು. ಅದಕ್ಕಿಂತ ಹೆಚ್ಚು ಬರೆಯಹೊರಟರೆ ನಾಲ್ಕನೇ ದಿನಕ್ಕೆ ನಿಂತುಹೋಗುತ್ತದೆ.

ಸಾಮಾನ್ಯ ತಪ್ಪು ಎರಡು. ಒಂದು, ವಾರದ ಕೊನೆಗೆ ನೆನಪಿನಿಂದ ಬರೆಯುವುದು. ಆಗ ಕೊನೆಯ ದಿನದ ಸಿಟ್ಟು ಮಾತ್ರ ನೋಟ್‌ಬುಕ್ಕಿಗೆ ಇಳಿಯುತ್ತದೆ. ಎರಡು, ಉಸಿರಾಡಲೂ ಪುರುಸೊತ್ತಿಲ್ಲದ ದಿನ ಬರೆಯದೆ ಬಿಡುವುದು. ಲೆಕ್ಕಕ್ಕೆ ಅತಿ ಮುಖ್ಯವಾದದ್ದೇ ಆ ದಿನ. ಉಳಿದದ್ದು ಆಗದಿದ್ದರೆ ಎರಡು ಅಂಕಿ, ಒಂದು ವಾಕ್ಯವಾದರೂ ಬರೆಯಿರಿ.

## ಹಂತ 3: ಎಲ್ಲಿ ಸೋರುತ್ತಿದೆ ಎಂದು ಹುಡುಕಿ

ಬರ್ನ್‌ಔಟ್ ಕುರಿತು ದಶಕಗಳಿಂದ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಅದರ ಮೂಲಗಳನ್ನು ಆರು ಕಡೆ ಗುರುತಿಸುತ್ತಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಪ್ರತಿಫಲ ಮತ್ತು ಮೆಚ್ಚುಗೆ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯಗಳು.

ನಿಮ್ಮ ಹದಿನಾಲ್ಕು ದಿನದ "ಕುಗ್ಗಿಸಿದ ಘಟನೆ" ಸಾಲುಗಳನ್ನು ತೆಗೆದುಕೊಂಡು ಪ್ರತಿಯೊಂದರ ಪಕ್ಕ ಈ ಆರರಲ್ಲಿ ಒಂದನ್ನು ಬರೆಯಿರಿ. ಮೇಲಿನ ಮಂಗಳವಾರದ ಘಟನೆಯನ್ನೇ ನೋಡಿ. ಪಟ್ಟಿ ಬದಲಿಸಲು ಇಪ್ಪತ್ತು ನಿಮಿಷ ಸಾಕು, ಹೊರೆ ದೊಡ್ಡದೇನಲ್ಲ. ಕಾರಣ ಹೇಳದೆ ಮೂರು ಸಲ ಬದಲಿಸಿದ್ದೇ ಕುಗ್ಗಿಸಿದ್ದು. ಅದು "ಹಿಡಿತ"ದ ಕೆಳಗೆ ಹೋಗಬೇಕು.

ಹೀಗೆ ವಿಂಗಡಿಸಿದಾಗ ಸಾಮಾನ್ಯವಾಗಿ ಒಂದೆರಡು ಕಡೆ ರಾಶಿ ಬೀಳುತ್ತದೆ. ಮದ್ದು ಅದಕ್ಕೆ ತಕ್ಕಂತೆ ಇರಬೇಕು. ಹೊರೆ ಹೆಚ್ಚಾಗಿದ್ದರೆ ಹಂತ 4. ಹಿಡಿತ ಇಲ್ಲದಿದ್ದರೆ, ಬದಲಾವಣೆ ಹೇಳುವವರು ಯಾರು, ಎಷ್ಟು ದಿನ ಮೊದಲು ಹೇಳಬೇಕು ಎಂಬ ನಿಯಮ ಮಾಡಿಸಿಕೊಳ್ಳಬೇಕು. ಮೆಚ್ಚುಗೆಯ ಕೊರತೆ ಇದ್ದರೆ, ಮಾಡಿದ ಕೆಲಸ ಯಾರ ಹೆಸರಿನಲ್ಲಿ ಮೇಲೆ ಹೋಗುತ್ತಿದೆ ನೋಡಿ. ಜೊತೆಗಾರರ ಜಗಳವನ್ನು ಗಂಟೆ ಕಡಿಮೆ ಮಾಡಿ ಪರಿಹರಿಸಲಾಗದು. ಮೌಲ್ಯದ ಘರ್ಷಣೆ, ಅಂದರೆ ತಪ್ಪೆಂದು ಗೊತ್ತಿರುವುದನ್ನು ದಿನಾ ಮಾಡಬೇಕಾಗಿ ಬರುವುದು, ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಬಹುತೇಕ ಸಲ ವಿಭಾಗವನ್ನೋ ಕೆಲಸವನ್ನೋ ಬದಲಿಸುವುದೊಂದೇ ಮದ್ದು.

ರಜೆ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬಡ್ತಿಯಲ್ಲಿ ಅನ್ಯಾಯವಾದವರಿಗೆ ಹತ್ತು ದಿನ ಬೆಟ್ಟ ಹತ್ತಿ ಬಂದರೂ ಅನ್ಯಾಯ ಅಲ್ಲೇ ಕಾದಿರುತ್ತದೆ.

## ಹಂತ 4: ಹೊರೆಯನ್ನು ಅಂಕಿಯಲ್ಲಿ ತೂಗಿ, ಕತ್ತರಿಸಿ

ಮೊದಲು ನಿಮ್ಮ ಬಳಿ ನಿಜವಾಗಿ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿ. ಉದಾಹರಣೆಗೆ ವಾರಕ್ಕೆ ಒಪ್ಪಿಕೊಂಡದ್ದು 40 ಗಂಟೆ. ನೋಟ್‌ಬುಕ್ಕಿನ ಪ್ರಕಾರ ಮೀಟಿಂಗ್‌ಗಳಿಗೆ 11, ಮೇಲ್ ಮತ್ತು ಮೆಸೇಜ್‌ಗಳಿಗೆ 6, ನಡುವೆ ನುಗ್ಗುವ ಕೆಲಸಗಳಿಗೆ 7 ಹೋಯಿತು. ಉಳಿದದ್ದು 16. ಒಪ್ಪಿಕೊಂಡ ಕೆಲಸಗಳನ್ನು ಕೂಡಿಸಿದರೆ 26 ಗಂಟೆ. ಕೊರತೆಯ 10 ಗಂಟೆ ಎಲ್ಲಿಂದ ಬರುತ್ತಿದೆ? ನಿದ್ದೆಯಿಂದ, ಊಟದ ಹೊತ್ತಿನಿಂದ, ವಾರದ ರಜೆಯಿಂದ.

ಈ 16 ಗಂಟೆಯನ್ನೂ ಪೂರ್ತಿ ತುಂಬಬೇಡಿ. ನುಗ್ಗುವ ಕೆಲಸ ಒಂದು ವಾರ 4 ಗಂಟೆ ತಿಂದರೆ ಇನ್ನೊಂದು ವಾರ 10 ತಿನ್ನುತ್ತದೆ. ಸುಮಾರು 3 ಗಂಟೆ ಖಾಲಿ ಬಿಟ್ಟು 13ಕ್ಕೆ ಮಾತ್ರ ಕೆಲಸ ಒಪ್ಪಿಕೊಳ್ಳಿ.

ಖಾಲಿ ಬಿಡುವುದು ಸೋಮಾರಿತನ ಎಂದು ಅನೇಕರು ತಿಳಿದಿದ್ದಾರೆ. ಸರದಿ ಸಾಲಿನ ಗಣಿತ ಬೇರೆ ಹೇಳುತ್ತದೆ. ಕೆಲಸಗಳು ಯಾವಾಗ ಬಂದಾವು, ಎಷ್ಟು ಹೊತ್ತು ಹಿಡಿದಾವು ಎಂದು ಮೊದಲೇ ಗೊತ್ತಿಲ್ಲದ ಕಡೆ ಒಬ್ಬರೇ ಕೆಲಸಗಾರರು ಶೇ. 80 ತುಂಬಿದ್ದರೆ, ಹೊಸ ಕೆಲಸವೊಂದು ಕಾಯುವ ಹೊತ್ತು ಸರಾಸರಿಯಲ್ಲಿ ಒಂದು ಕೆಲಸದ ಅವಧಿಯ 4 ಪಟ್ಟು. ಶೇ. 90 ತುಂಬಿದರೆ 9 ಪಟ್ಟು. ಶೇ. 95ಕ್ಕೆ 19 ಪಟ್ಟು. ಇದು ಸರದಿ ಸಿದ್ಧಾಂತದ ಅತಿ ಸರಳ ಮಾದರಿಯ ಲೆಕ್ಕ. ಪೂರ್ತಿ ತುಂಬಿದ ಮನುಷ್ಯನ ಬಳಿ ಎಲ್ಲವೂ ತಡವಾಗುವುದು, ತಡವಾದ ಪ್ರತಿ ಕೆಲಸಕ್ಕೂ "ಎಲ್ಲಿಗೆ ಬಂತು" ಎಂಬ ಫೋನ್ ಬರುವುದು, ಆ ಫೋನ್ ಮತ್ತಷ್ಟು ಹೊತ್ತು ತಿನ್ನುವುದು ಹೀಗೆಯೇ.

ಈಗ ಕತ್ತರಿಸುವುದು. ನಾಲ್ಕು ದಾರಿಗಳಿವೆ, ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡಿ:

1. ಬಿಡಿ. ಯಾರೂ ಓದದ ವಾರದ ವರದಿ, ನೀವು ಬಾಯಿ ತೆರೆಯದ ಮೀಟಿಂಗ್. ವರದಿ ಯಾರಿಗೆ ಬೇಕೆಂದು ಪಡೆಯುವವರನ್ನೇ ಕೇಳಿ. ಯಾರಿಗೂ ಬೇಡ ಎಂಬ ಉತ್ತರ ಬರುವುದು ನೀವು ಊಹಿಸಿದ್ದಕ್ಕಿಂತ ಹೆಚ್ಚು.
2. ಮುಂದೆ ಹಾಕಿ. ದಿನಾಂಕ ಹಾಕಿ ಮುಂದೂಡಿ. "ನೋಡೋಣ" ಎಂದರೆ ಅದು ತಲೆಯಲ್ಲೇ ಕೂತು ಕೊರೆಯುತ್ತದೆ.
3. ಮಟ್ಟ ಇಳಿಸಿ. ಒಳಗಿನ ಚರ್ಚೆಗೆ ಬಳಸುವ ಟಿಪ್ಪಣಿಗೆ ಗ್ರಾಹಕರ ಮುಂದಿಡುವ ದಾಖಲೆಯ ನಯ ಬೇಕಿಲ್ಲ. ಕೆಲಸದಲ್ಲಿ ಅಚ್ಚುಕಟ್ಟು ಬಯಸುವವರಿಗೆ ಇದು ಕಷ್ಟ, ಉಳಿತಾಯವೂ ಅವರಿಗೇ ಹೆಚ್ಚು.
4. ಕೈ ಬದಲಿಸಿ. ಇದು ಕೊನೆಗೆ. ಇನ್ನೊಬ್ಬರಿಗೆ ಕೊಟ್ಟರೆ ವಿವರಿಸಲು ನಿಮ್ಮ ಹೊತ್ತು ಮೊದಲು ಖರ್ಚಾಗುತ್ತದೆ, ಅವರ ಹೊರೆಯೂ ಏರುತ್ತದೆ.

ತಪ್ಪಾಗುವುದು ಎಲ್ಲಿ? ಜನ ಮೊದಲು ಕತ್ತರಿಸುವುದು ತಮಗೆ ಇಷ್ಟವಾದ ಕೆಲಸವನ್ನು. ಹೊಸಬರಿಗೆ ಕಲಿಸುವುದು, ಹೊಸದೊಂದು ವಿಧಾನ ಹುಡುಕುವುದು "ತುರ್ತಲ್ಲ" ಎಂದು ಹೋಗಿಬಿಡುತ್ತವೆ. ಉಳಿಯುವುದು ಬರೀ ಒಣ ಕೆಲಸ. ವಾರಕ್ಕೆ ಎರಡು ಗಂಟೆಯಾದರೂ ಮನಸ್ಸು ಅರಳುವ ಕೆಲಸ ಉಳಿಸಿಕೊಳ್ಳಿ, ಅದನ್ನು ಕೊರತೆಯ ಲೆಕ್ಕದಿಂದ ಹೊರಗಿಡಿ.

ಇನ್ನೊಂದು ಮಿತಿ: ಏಕಕಾಲಕ್ಕೆ ಕೈಯಲ್ಲಿ ಮೂರಕ್ಕಿಂತ ಹೆಚ್ಚು ಕೆಲಸ ಬೇಡ. ಏಳು ಕೆಲಸವನ್ನು ಸ್ವಲ್ಪ ಸ್ವಲ್ಪ ಮಾಡುವವರಿಗೆ ಪ್ರತಿ ಸಲ ಬದಲಿಸಿದಾಗಲೂ "ಎಲ್ಲಿ ಬಿಟ್ಟಿದ್ದೆ" ಎಂದು ನೆನಪಿಸಿಕೊಳ್ಳುವುದಕ್ಕೇ ಶಕ್ತಿ ಹೋಗುತ್ತದೆ.

## ಹಂತ 5: ಮೇಲಧಿಕಾರಿಯ ಜೊತೆ ಮಾತನಾಡಿ, ಆಮೇಲೆ ಬರೆದು ಕಳುಹಿಸಿ

ನಾಲ್ಕನೇ ಹಂತದ ಬಹುಪಾಲು ನಿಮ್ಮೊಬ್ಬರ ಕೈಯಲ್ಲಿಲ್ಲ. ಹಾಗಾಗಿ ಈ ಮಾತುಕತೆ ತಪ್ಪಿಸಲಾಗದು. ಜನ ಸೋಲುವುದೂ ಇಲ್ಲೇ ಹೆಚ್ಚು.

ಸಮಯ ಮೊದಲೇ ಕೇಳಿ, ಅರ್ಧ ಗಂಟೆ. ವಾರದ ಕೊನೆಯ ಸಂಜೆ ಬೇಡ, ಏನೋ ಎಡವಟ್ಟಾದ ದಿನವೂ ಬೇಡ. ಆ ದಿನ ನಿಮ್ಮ ಮಾತು ತಪ್ಪಿಗೆ ಹೇಳುವ ನೆಪದಂತೆ ಕೇಳುತ್ತದೆ.

"ನನಗೆ ತುಂಬಾ ಒತ್ತಡ, ಸ್ವಲ್ಪ ಕಡಿಮೆ ಮಾಡಿ" ಎಂದು ಶುರು ಮಾಡಬೇಡಿ. ಅದಕ್ಕೆ ಬರುವ ಉತ್ತರ "ಎಲ್ಲರಿಗೂ ಒತ್ತಡ ಇದೆಯಪ್ಪ, ಇನ್ನೊಂದು ತಿಂಗಳು ಅಡ್ಜಸ್ಟ್ ಮಾಡಿಕೊಳ್ಳಿ." ಲೆಕ್ಕದ ಹಾಳೆಯನ್ನು ಮುಂದಿಟ್ಟು ಹೀಗೆ ಹೇಳಿ:

"ಸರ್, ವಾರಕ್ಕೆ ನನ್ನ ಕೈಗೆ ಸಿಗುವುದು 13 ಗಂಟೆ. ಈ ವಾರದ ಕೆಲಸ 26 ಗಂಟೆಯದ್ದಿದೆ. ತ್ರೈಮಾಸಿಕ ವರದಿ 8 ಗಂಟೆ, ಗ್ರಾಹಕರ ದೂರಿನ ಫೈಲ್ 5 ಗಂಟೆ, ಇವೆರಡನ್ನು ಮುಗಿಸಿಕೊಡುತ್ತೇನೆ. ಹಳೆಯ ದಾಖಲೆಗಳ ವರ್ಗಾವಣೆಗೆ 9 ಗಂಟೆ ಬೇಕು, ಅದನ್ನು ಮುಂದಿನ ತಿಂಗಳ ಮೊದಲ ವಾರಕ್ಕೆ ಹಾಕೋಣ. ತರಬೇತಿಯ ಸ್ಲೈಡ್‌ಗಳಿಗೆ 4 ಗಂಟೆ, ಹೋದ ವರ್ಷದ್ದನ್ನೇ ಬಳಸೋಣ. ಇವುಗಳಲ್ಲಿ ಯಾವುದಾದರೂ ಈ ವಾರವೇ ಬೇಕೆಂದರೆ ಮೊದಲಿನ ಎರಡರಲ್ಲಿ ಯಾವುದನ್ನು ಬಿಡಲಿ, ಹೇಳಿ."

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಆಗುತ್ತದೆಯೋ ಇಲ್ಲವೋ ಎಂಬ ವಾದ ಅಲ್ಲಿಗೆ ಮುಗಿದು, ಯಾವುದು ಮೊದಲು ಎಂಬ ತೀರ್ಮಾನ ಅವರ ಮೇಜಿಗೆ ಹೋಗುತ್ತದೆ. ಆ ತೀರ್ಮಾನ ಅವರದ್ದೇ ಆಗಬೇಕು. ಇಷ್ಟು ದಿನ ಅದನ್ನು ನೀವು ನಿದ್ದೆಗೆಟ್ಟು ಮಾಡುತ್ತಿದ್ದಿರಿ.

ಮಾತು ಮುಗಿದ ದಿನವೇ ಐದು ಸಾಲಿನ ಮೇಲ್ ಕಳುಹಿಸಿ: ಏನು ಮಾಡುತ್ತೇನೆ, ಏನು ಮುಂದೆ ಹೋಯಿತು, ಯಾವ ದಿನಾಂಕಕ್ಕೆ. ಎರಡು ವಾರದ ನಂತರ "ವರ್ಗಾವಣೆ ಯಾಕೆ ಆಗಿಲ್ಲ" ಎಂಬ ಪ್ರಶ್ನೆ ಬಂದಾಗ ಈ ಮೇಲ್ ನಿಮ್ಮ ಪರ ನಿಲ್ಲುತ್ತದೆ.

"ಎಲ್ಲವೂ ಬೇಕು, ಈ ವಾರವೇ" ಎಂದರೆ? ಒಮ್ಮೆ ಹೀಗಾದರೆ ಒಪ್ಪಿಕೊಳ್ಳಿ, ಆದರೆ ಕೊನೆಯ ದಿನಾಂಕ ಬರೆಸಿಕೊಳ್ಳಿ. ಮೂರು ಸಲ ಲೆಕ್ಕದ ಸಮೇತ ಹೋದರೂ ಇದೇ ಉತ್ತರ ಬಂದರೆ ಮಾನವ ಸಂಪನ್ಮೂಲ ವಿಭಾಗ, ನೌಕರರ ಸಂಘ, ವರ್ಗಾವಣೆ ಈ ದಾರಿಗಳನ್ನು ನೋಡುವ ಕಾಲ ಬಂದಿದೆ. ಕೆಲಸ ಕಳೆದುಕೊಳ್ಳುವ ಭಯ ಇರುವವರು ಹೊರಗೆ ಹುಡುಕುವುದನ್ನು ಸದ್ದಿಲ್ಲದೆ ಶುರು ಮಾಡಲಿ. ಪೂರ್ತಿ ಬಸವಳಿದ ಮೇಲೆ ಸಂದರ್ಶನಕ್ಕೆ ಕೂರುವುದು ಬಹಳ ಕಷ್ಟ.

ಸಂಸ್ಥೆಯನ್ನು ಸರಿಯಾಗಿ ತಿಳಿಯದೆ ಬರ್ನ್‌ಔಟ್ ಎಂಬ ಪದವನ್ನು ಮೊದಲ ಮಾತಿಗೇ ಬಳಸಬೇಡಿ. ಕೆಲವು ಕಡೆ ಅದನ್ನು ಅಸಾಮರ್ಥ್ಯ ಎಂದು ಓದುತ್ತಾರೆ. ಗಂಟೆಯ ಲೆಕ್ಕಕ್ಕೆ ಆ ಅಪಾಯ ಕಡಿಮೆ.

## ಹಂತ 6: ದಿನಕ್ಕೊಂದು ಕೊನೆ ಇರಲಿ

ಕಚೇರಿಯಿಂದ ಹೊರಟರೂ ಕೆಲಸ ತಲೆಯಲ್ಲಿ ಓಡುತ್ತಿದ್ದರೆ ಅದನ್ನು ಬಿಡುವು ಎನ್ನಲಾಗದು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಲೇ ಇರುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿಬಿಟ್ಟರೆ ಈ ಕೊರೆತ ತಗ್ಗುತ್ತದೆ ಎಂದು ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಕೆಲಸ ಮುಗಿದಿರಲೇಬೇಕೆಂದಿಲ್ಲ.

ಹೊರಡುವ ಹದಿನೈದು ನಿಮಿಷ ಮೊದಲು ಅಲಾರಂ ಇಟ್ಟುಕೊಳ್ಳಿ. ಮೊದಲ ಐದು ನಿಮಿಷ: ಉಳಿದದ್ದೆಲ್ಲ ಬರೆಯಿರಿ. ಮುಂದಿನ ಐದು: ಪ್ರತಿಯೊಂದರ ಮುಂದೆ ದಿನ ಮತ್ತು ಮೊದಲ ಹೆಜ್ಜೆ ಬರೆಯಿರಿ. "ವರದಿ" ಎಂದು ಬರೆದರೆ ಸಾಲದು, "ಬುಧವಾರ ಹತ್ತಕ್ಕೆ, ಮೂರನೇ ಕೋಷ್ಟಕದ ಅಂಕಿ ತುಂಬುವುದರಿಂದ ಶುರು" ಎಂದು ಬರೆಯಿರಿ. ಕೊನೆಯ ಐದು: ತೆರೆದ ಫೈಲುಗಳನ್ನು ಮುಚ್ಚಿ, ನಾಳಿನ ಮೊದಲ ಕೆಲಸದ ಕಾಗದ ಮಾತ್ರ ಮೇಜಿನ ಮೇಲಿಡಿ.

ಹೊಸ ಮೇಲ್ ತೆರೆಯುವ ಹೊತ್ತು ಇದಲ್ಲ. ಹೊರಡುವಾಗ ಓದಿದ ಒಂದು ಕೆಟ್ಟ ಮೇಲ್ ಇಡೀ ಸಂಜೆಯನ್ನು ನುಂಗುತ್ತದೆ, ಅದಕ್ಕೆ ಉತ್ತರಿಸುವುದು ಹೇಗಿದ್ದರೂ ಬೆಳಿಗ್ಗೆಯೇ.

ಮನೆಯಿಂದ ಕೆಲಸ ಮಾಡುವವರಿಗೆ ದಾರಿಯ ಪ್ರಯಾಣ ಇರುವುದಿಲ್ಲ, ಕೊನೆಯೂ ಇರುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೆ ಕಾಣದ ಕಡೆ ಇಡಿ, ಬಟ್ಟೆ ಬದಲಿಸಿ, ಹದಿನೈದು ನಿಮಿಷ ಹೊರಗೆ ನಡೆದು ಬನ್ನಿ. ಶಿಫ್ಟ್‌ನಲ್ಲಿ ದುಡಿಯುವವರಿಗೆ ಹೊಣೆ ಒಪ್ಪಿಸುವ ಟಿಪ್ಪಣಿಯೇ ಈ ಕೆಲಸ ಮಾಡುತ್ತದೆ. ಬಾಯಲ್ಲಿ ಹೇಳಿ ಓಡಿಬಂದವರು ಮನೆಗೆ ಬಂದ ಮೇಲೂ "ಅದೊಂದು ಹೇಳಿದೆನೋ ಇಲ್ಲವೋ" ಎಂದು ಚಡಪಡಿಸುತ್ತಾರೆ. ಬರೆದು ಕೊಡಿ.

ಫೋನಿನಲ್ಲಿ ಕೆಲಸದ ಆ್ಯಪ್‌ಗಳ ಸದ್ದನ್ನು ಸಂಜೆಯಿಂದ ನಿಲ್ಲಿಸಿ. ನಿಜವಾದ ತುರ್ತಿಗೆ ಫೋನ್ ಕರೆ ಇದೆ ಎಂದು ಜೊತೆಗಾರರಿಗೆ ಒಮ್ಮೆ ಹೇಳಿಡಿ.

## ಹಂತ 7: ಈಗ ಬಿಡುವು, ನಿದ್ದೆ, ರಜೆ

ಇಲ್ಲಿಯವರೆಗಿನದ್ದು ಆಗಿದ್ದರೆ ಮಾತ್ರ ಇದು ಫಲ ಕೊಡುತ್ತದೆ.

ಬಿಡುವಿನ ಬಗ್ಗೆ ಸಬೀನ್ ಝೋನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಜ್ 2007ರಲ್ಲಿ ನಾಲ್ಕು ಬಗೆಯ ಚೇತರಿಕೆಯನ್ನು ಗುರುತಿಸಿದರು: ಕೆಲಸದಿಂದ ಮನಸ್ಸು ಕಳಚುವುದು, ಮೈ ಮನಸ್ಸು ಹಗುರಾಗುವುದು, ಹೊಸದೇನನ್ನಾದರೂ ಕಲಿತು ಪಳಗುವುದು, ಬಿಡುವಿನ ಹೊತ್ತನ್ನು ತನ್ನಿಷ್ಟದಂತೆ ಕಳೆಯುವುದು. ರಾತ್ರಿ ಫೋನ್ ಹಿಡಿದು ಬಿದ್ದುಕೊಂಡರೆ ಹೆಚ್ಚೆಂದರೆ ಎರಡನೆಯದು ಸಿಗುತ್ತದೆ. ಮೂರನೆಯದು ಬಹಳ ಜನರ ವಾರದಲ್ಲಿ ಇರುವುದೇ ಇಲ್ಲ. ಈಜು, ವಾದ್ಯ, ತೋಟ, ಮರಗೆಲಸ ಯಾವುದಾದರೂ ಸರಿ, ವಾರಕ್ಕೆ ಎರಡು ಸಲ ನಲವತ್ತು ನಿಮಿಷ. ಅದರಲ್ಲೂ ಗುರಿ, ಸ್ಪರ್ಧೆ ಇಟ್ಟುಕೊಂಡರೆ ಇನ್ನೊಂದು ನೌಕರಿಯಾಗುತ್ತದೆ.

ನಿದ್ದೆ ವಯಸ್ಕರಿಗೆ ಏಳು ಗಂಟೆಗೆ ಕಡಿಮೆ ಬೇಡ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನದ ಊಟದ ನಂತರ ನಿಲ್ಲಿಸಿ ನೋಡಿ.

ರಜೆಯಿಂದ ಸಿಕ್ಕ ಚೇತನ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ. ಆದ್ದರಿಂದ ವರ್ಷಕ್ಕೊಂದು ದೊಡ್ಡ ರಜೆಯನ್ನೇ ನೆಚ್ಚಿಕೊಳ್ಳದೆ ನಡುನಡುವೆ ಸಣ್ಣವನ್ನೂ ಹಾಕಿ. ಹೋಗುವ ಮೊದಲು ಒಂದು ಪುಟದ ಹಾಳೆ ಮಾಡಿ: ಯಾವ ಕೆಲಸ ಯಾರ ಕೈಯಲ್ಲಿದೆ, ಯಾವುದು ನೀವು ಬರುವವರೆಗೆ ಕಾಯುತ್ತದೆ. ಮರಳಿದ ಮೊದಲ ದಿನದ ಬೆಳಗಿನ ಅರ್ಧವನ್ನು ಕ್ಯಾಲೆಂಡರಿನಲ್ಲಿ ಮೊದಲೇ ತಡೆದಿಡಿ. ಇಲ್ಲದಿದ್ದರೆ ಹತ್ತು ದಿನದ ಮೇಲ್‌ಗಳೂ ನಾಲ್ಕು ಮೀಟಿಂಗ್‌ಗಳೂ ಒಂದೇ ಬೆಳಿಗ್ಗೆ ಮೈಮೇಲೆ ಬೀಳುತ್ತವೆ.

## ಹಂತ 8: ತಂಡ ನಡೆಸುವವರು ಮಾಡಬೇಕಾದದ್ದು

ಮೇಲಿನ ಏಳೂ ಹಂತ ಒಬ್ಬ ನೌಕರ ಮಾಡಬಹುದಾದದ್ದು. ನಿಮ್ಮ ಕೈಕೆಳಗೆ ಜನ ಇದ್ದರೆ ಬರ್ನ್‌ಔಟ್ ತಡೆಯುವ ದೊಡ್ಡ ಪಾಲು ನಿಮ್ಮದು, ಅದನ್ನು ಅವರ ಮೇಲೆ ಹೊರಿಸಬೇಡಿ. ಯೋಗ ತರಗತಿ ಇಟ್ಟು, ಡೆಡ್‌ಲೈನ್ ಹಾಗೇ ಉಳಿಸಿದರೆ ಜನರಿಗೆ ಇನ್ನೊಂದು ಗಂಟೆ ನಷ್ಟ, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. ತಂಡದಲ್ಲಿ ಯಾರಾದರೂ ಎರಡು ವಾರ ಸತತ 50 ಗಂಟೆ ದಾಟಿದರೆ ಕಾರಣ ಕೇಳಿ, ಅವರ ಹೊರೆ ಇಳಿಸಿ.

ಪ್ರತಿ ತಂಡದಲ್ಲೂ ಒಬ್ಬರು ಇರುತ್ತಾರೆ, ಯಾವ ಕೆಲಸ ಕೆಟ್ಟರೂ ಅವರಿಗೇ ಹೋಗುತ್ತದೆ. ಅವರು ಇಲ್ಲ ಎನ್ನುವುದಿಲ್ಲ, ದೂರುವುದಿಲ್ಲ. ಒಂದು ದಿನ ರಾಜೀನಾಮೆ ಪತ್ರ ಬರುತ್ತದೆ. ಕಳೆದ ಮೂರು ತಿಂಗಳ ತುರ್ತು ಕೆಲಸಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮಾಡಿದವರ ಹೆಸರು ಬರೆಯಿರಿ. ಒಂದೇ ಹೆಸರು ಅರ್ಧಕ್ಕಿಂತ ಹೆಚ್ಚು ಸಲ ಬಂದರೆ ಈ ತಿಂಗಳೇ ಇನ್ನೊಬ್ಬರನ್ನು ಆ ಕೆಲಸಕ್ಕೆ ತಯಾರು ಮಾಡಲು ಶುರು ಮಾಡಿ.

ರಾತ್ರಿ ಹೊಳೆದ ವಿಷಯವನ್ನು ರಾತ್ರಿಯೇ ಕಳುಹಿಸಬೇಡಿ. "ಈಗಲೇ ನೋಡಬೇಕಿಲ್ಲ" ಎಂದು ಬರೆದರೂ ಕೈಕೆಳಗಿನವರು ನೋಡುತ್ತಾರೆ. ಬೆಳಿಗ್ಗೆ ಹೋಗುವಂತೆ ಸಮಯ ಹೊಂದಿಸಿ. ಹೊಸ ಕೆಲಸ ಕೊಡುವಾಗಲೆಲ್ಲ "ಇದಕ್ಕಾಗಿ ಯಾವುದನ್ನು ಬಿಡುತ್ತೀರಿ" ಎಂದು ನೀವೇ ಮೊದಲು ಕೇಳಿ.

## ಹಂತ 9: ತಿಂಗಳಿಗೊಮ್ಮೆ ತಪಾಸಣೆ

ತಿಂಗಳ ಮೊದಲ ವಾರ ಮೂರು ದಿನ ಮಾತ್ರ ಹಂತ 2ರ ಲೆಕ್ಕ ಮತ್ತೆ ಬರೆಯಿರಿ. ಮೊದಲಿನ ಹಾಳೆಯ ಪಕ್ಕ ಇಟ್ಟು ನೋಡಿ. ಮುಗಿಸುವಾಗಿನ ಶಕ್ತಿ 2ರಿಂದ 4ಕ್ಕೆ ಬಂದಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಹತ್ತಕ್ಕೆ ಹತ್ತು ಯಾರಿಗೂ ಬರುವುದಿಲ್ಲ, ಅದನ್ನು ಕಾಯಬೇಡಿ.

ನಡುವೆ ಈ ಸೂಚನೆಗಳು ಕಂಡರೆ ತಿಂಗಳು ತುಂಬುವವರೆಗೂ ಕಾಯಬೇಡಿ:

- ಮೇಲ್ ತೆರೆದು, ಓದಿ, ಉತ್ತರಿಸದೆ ಮುಚ್ಚುವುದು ದಿನಕ್ಕೆ ಹಲವು ಸಲ ಆಗುತ್ತಿದೆ.
- ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸದಲ್ಲಿ ಸಣ್ಣ ತಪ್ಪುಗಳು ಬರುತ್ತಿವೆ.
- ವಾರದ ರಜೆಯ ಮಧ್ಯಾಹ್ನದಿಂದಲೇ ಮರುದಿನದ ಭಯ ಹಿಡಿಯುತ್ತಿದೆ.
- ಊಟವನ್ನು ಕೆಲಸ ಮಾಡುತ್ತಲೇ ಮುಗಿಸುವುದು ವಾರದಲ್ಲಿ ಮೂರು ದಿನ ದಾಟಿದೆ.
- ಮಲಗಲು ಮದ್ಯ ಅಥವಾ ಮಾತ್ರೆ ಬೇಕಾಗುತ್ತಿದೆ. ಹೀಗಿದ್ದರೆ ವೈದ್ಯರನ್ನು ಕಾಣುವುದೇ ಮೊದಲ ಕೆಲಸ.

ಎರಡು ಅಥವಾ ಹೆಚ್ಚು ಸೂಚನೆ ಎರಡು ವಾರ ಉಳಿದರೆ ಹಂತ 4ಕ್ಕೆ ವಾಪಸ್ ಹೋಗಿ. ಬಹುತೇಕ ಸಲ, ಬಿಟ್ಟಿದ್ದ ಕೆಲಸಗಳಲ್ಲಿ ಒಂದೆರಡು ಬೇರೆ ಹೆಸರಿನಲ್ಲಿ ಮರಳಿ ಬಂದಿರುತ್ತವೆ. ಕಳುಹಿಸಿದ ಮೇಲ್ ತೆಗೆದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಮೂರು ತಿಂಗಳು ಎಲ್ಲ ಹಂತ ಮಾಡಿಯೂ ಅಂಕಿ ಅಲ್ಲೇ ನಿಂತಿದ್ದರೆ ಹಂತ 3ರ ಹಾಳೆ ನೋಡಿ. ರಾಶಿ ನ್ಯಾಯ ಅಥವಾ ಮೌಲ್ಯದ ಕೆಳಗೆ ಬಿದ್ದಿದ್ದರೆ ಕೆಲಸ ಬದಲಿಸುವ ತಯಾರಿ ಶುರು ಮಾಡಿ: ಆರು ತಿಂಗಳ ಖರ್ಚಿಗೆ ಹಣ ಕೂಡಿಡುವುದು, ವೈಯಕ್ತಿಕ ವಿವರಗಳ ಪತ್ರ ಹೊಸದು ಮಾಡುವುದು, ಹಳೆಯ ಜೊತೆಗಾರರಲ್ಲಿ ಮೂವರನ್ನು ಮಾತನಾಡಿಸುವುದು. ಹೊಸ ಕಡೆ ಸಂದರ್ಶನಕ್ಕೆ ಹೋದಾಗ ಎರಡು ಪ್ರಶ್ನೆ ನೀವೇ ಕೇಳಿ: ಈ ಹುದ್ದೆಯಲ್ಲಿ ನನಗಿಂತ ಮೊದಲು ಇದ್ದವರು ಏಕೆ ಬಿಟ್ಟರು, ಮತ್ತು ಕಳೆದ ತಿಂಗಳು ಈ ತಂಡ ಎಷ್ಟು ದಿನ ತಡವಾಗಿ ಮನೆಗೆ ಹೋಯಿತು.